ಮಗ್ಗದ ಕುಣಿ ಮುಚ್ಚುವ ವಿಚಾರ

ಬಾದಾಮಿ
ಜೂನ್ 19, ಗುರುವಾರ

ಪ್ರೀತಿಯ ಅವ್ವಗೆ,

ಸುಶ್ಮಿತಾ ಮಾಡುವ ನಮಸ್ಕಾರ. ಅಪ್ಪ ಆರಾಮ ಇದ್ದಾನೆ ಎಂದು ಬರೆಯಬೇಕಿತ್ತು. ಆದರೆ ಆ ಮಾತಿನಲ್ಲಿ ಅರ್ಧ ಮಾತ್ರ ಖರೆ. ಉಳಿದ ಅರ್ಧಕ್ಕಾಗಿಯೇ ಈ ಪತ್ರ ಉದ್ದವಾಗಲಿದೆ. ಚಷ್ಮಾ ಹಾಕಿಕೊಂಡು, ಒಂದು ಕಡೆ ಕುಂತು ಓದು.

ಇಳಕಲ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನೀನು ಕಳಿಸಿದ ಚೀಟಿ, ಶೇಂಗಾ ಚಟ್ನಿ, ಅಪ್ಪನ ಧೋತರ ಎಲ್ಲ ಸೋಮವಾರ ಮುಟ್ಟಿದವು. ರಾಜೇಶಣ್ಣ ಪಡಸಾಲೆಗೆ ಟೈಲ್ಸ್ ಹಾಕಿಸುತ್ತಾನಂತೆ, ಅದಕ್ಕೆ ಅಪ್ಪ ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಕುಣಿ ಮುಚ್ಚಬೇಕಂತೆ, ನೀನು ಇಷ್ಟು ದಿನ ತಡೆದಿದ್ದೀಯಂತೆ, ಮಗ್ಗ ಮನೆಗೆ ಬರುವುದು ಖರೆಯೋ ಸುಳ್ಳೋ ನಿಮ್ಮಪ್ಪನನ್ನು ಕೇಳಿ ಬರೆ ಎಂದು ಬರೆದಿದ್ದೀ. ಫೋನಿನಲ್ಲಿ ಮುಗಿಯುವ ಮಾತಾಗಿದ್ದರೆ ಅವತ್ತೇ ಹೇಳಿಬಿಡುತ್ತಿದ್ದೆ. ಪಾವರ್‌ಲೂಮ್ ಶೆಡ್ಡಿನಲ್ಲಿ ದುಡಿದು ನಿನ್ನ ಕಿವಿ ಮಂದವಾದ ಮೇಲೆ ಫೋನಿನಲ್ಲಿ ನಿನಗೆ ಏನು ಹೇಳಿದರೂ ಅದು ಅಣ್ಣನಿಗೆ, ಅತ್ತಿಗೆಗೆ, ಬಾಜೂ ಮನೆಯವರಿಗೆ ಹೇಳಿದ ಹಾಗೆ. ಇದು ನಿನಗೊಬ್ಬಳಿಗೇ ಹೇಳುವ ಮಾತು.

ಮೊದಲು ಅಪ್ಪನ ಉತ್ತರ, ಅವನು ಹೇಳಿದಂತೆಯೇ ಬರೆಯುತ್ತೇನೆ. ಕುಣಿ ಮುಚ್ಚಬ್ಯಾಡ, ರಾಜೇಶಗ ತಡಿ ಅನ್ನು, ದಸರಾ ಆದಮ್ಯಾಲ ಮಗ್ಗಾ ತಗೊಂಡ ಮನಿಗೇ ಬರತೇನಿ, ದೀಪಾವಳಿ ಸೀರಿ ಅಲ್ಲೇ ನೇಯತೇನಿ. ಇಷ್ಟು ಅಪ್ಪನದು. ಇಲ್ಲಿಂದ ಮುಂದಿನದು ನನ್ನದು.

ನೀನು ಶಿವರಾತ್ರಿ ಮುಂದೆ ಇಲ್ಲಿಂದ ಹೋದಾಗ, ಅಪ್ಪನ ಮಗ್ಗ ಕೂಡಿಸಿದ ಈ ಹೋಟೆಲು ಇನ್ನೂ ಹೋಟೆಲಾಗಿರಲಿಲ್ಲ. ಗೋಡೆ ಹಸಿ ಇದ್ದವು. ನಮ್ಮೂರಿನಿಂದ ಬಂದ ಯುನೂಸ ಮಾಮಾ ನೆಲದ ಕಲ್ಲು ಕೊರೆಯುವಾಗ ಉಳಿದವರೆಲ್ಲ ಕಿವಿ ಮುಚ್ಚಿಕೊಂಡು ಓಡಾಡುತ್ತಿದ್ದರು, ನೀನು ಮಾತ್ರ ಅಪ್ಪನ ಮಗ್ಗದ ಹತ್ತಿರ ಕುಂತು ಕೊಂಡಿ ಹಾಕುತ್ತಿದ್ದೆ. ಸೀರೆಯ ಒಡಲಿನ ಒಂದೊಂದು ಎಳೆಗೂ ಸೆರಗಿನ ಕೆಂಪು ಎಳೆ ಕೊಂಡಿ ಹಾಕಿ ಸೇರಿಸುವುದನ್ನು ಗಾರೆಯವರು ಕೆಲಸ ಬಿಟ್ಟು ನೋಡುತ್ತಿದ್ದರು. ಅತ್ತಿಗೆಯ ಬಾಣಂತನಕ್ಕೆಂದು ನೀನು ಹೋದೆ. ಮುಗಿದ ಮೇಲೆ ಇದು ಹೇಗೆ ಕಾಣುತ್ತದೆ ಎಂದು ನೀನು ನೋಡಲೇ ಇಲ್ಲ.

ಚೆಂದ ಆಗಿದೆ ಅವ್ವ. ಮುಂದೆ ನಾನು ಏನೇ ಬರೆದರೂ ಈ ಮಾತು ಸುಳ್ಳಾಗುವುದಿಲ್ಲ. ಹೋಟೆಲಿನ ಒಳಗನ್ನೆಲ್ಲ ರೂಪಿಸಿದ ಫರಹಾನಾ ಅಕ್ಕ ಒಂದು ನೇಮ ಇಟ್ಟುಕೊಂಡಿದ್ದಳು. ಮುಂಜಾನೆ ಬಸ್ಸಿಗೆ ಹೋಗಿ ಸಂಜೆಯೊಳಗೆ ತರಲಾಗದ ಸಾಮಾನು ಈ ಹೋಟೆಲಿನೊಳಗೆ ಬರಬಾರದು. ಹಾಗಾಗಿ ನೆಲಕ್ಕೆ ನಮ್ಮ ಇಳಕಲ್ಲಿನ ಕೆಂಪು ಕಲ್ಲು. ಪಾಲಿಶ್ ಹಾಕಿಲ್ಲ, ಕೈ ತೊಳೆದು ಬಂದವರು ಜಾರಬಾರದೆಂದು ಬೆಂಕಿಯಿಂದ ಮೇಲ್ಮೈ ಸುಟ್ಟು ಒರಟು ಮಾಡಿಸಿದ್ದಾರೆ. ಕೈ ತೊಳೆಯುವ ದೋಣಿ ಬಾದಾಮಿಯ ಮರಳುಗಲ್ಲಿನದು. ಗೋಡೆಗೆ ಕೆಮ್ಮಣ್ಣು, ಸುಣ್ಣ. ಮಗ್ಗ ಮಾರಿದವರ ಮನೆಗಳಿಂದ ತಂದ, ಎಳೆ ಹಾಯಿಸುವ ಬಾಚಣಿಗೆಯಂಥ ಹಣಿಗೆಗಳನ್ನು ಸಾಲಾಗಿ ನಿಲ್ಲಿಸಿ ಕುಟುಂಬದವರು ಕೂರುವ ಕಡೆ ಪರದೆ ಮಾಡಿದ್ದಾರೆ. ಹಣಿಗೆಯ ಸಂದಿನಿಂದ ಬೆಳಕು ಬಿದ್ದು ರೊಟ್ಟಿಯ ಮೇಲೆಲ್ಲ ಸಣ್ಣ ಸಣ್ಣ ಗೆರೆ ಬೀಳುತ್ತವೆ. ಬಾಗಿಲಿಗೆ ಸವೆದ ಲಾಳಿಗಳೇ ಹಿಡಿಕೆ. ದೀಪಗಳ ಸುತ್ತ ಗುಳೇದಗುಡ್ಡದ ಖಣ ಸುತ್ತಿದ್ದಾರೆ. ಅಪ್ಪ ಮೊದಲ ದಿನ ಅವನ್ನು ನೋಡಿ, ಇದೇನವಾ, ದೀಪಕ್ಕೂ ಕುಪ್ಪಸಾ ತೊಡಿಸೀರಿ, ಇನ್ನ ಸೀರಿ ಉಡಿಸೂದೊಂದ ಬಾಕಿ ಅಂದ. ಫರಹಾನಾ ಅಕ್ಕ ಅದಕ್ಕ ನಿಮ್ಮನ್ನ ಕರಸೇನ್ರಿ ಕಾಕಾ ಅಂದಳು. ಇಬ್ಬರೂ ನಕ್ಕರು.

ಅವಳು ನನಗೆ ಕೆಲಸ ಕೊಟ್ಟದ್ದು ಹೇಗೆ ಎಂದು ನಿನಗೆ ಪೂರ್ತಿ ಹೇಳಿಲ್ಲ. ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಫೋಟೋ ಸ್ಟುಡಿಯೋ, ಬ್ಯೂಟಿ ಪಾರ್ಲರ್, ಸೀರೆ ಅಂಗಡಿ ಅಂತ ನಾನು ಎಲ್ಲಿಯೂ ನಿಲ್ಲಲಿಲ್ಲ, ಇಕಿ ಕಾಲಾಗ ಚಕ್ರ ಐತಿ ಎಂದು ನೀನು ಬೈದೆ. ಸೀರೆ ಅಂಗಡಿಯನ್ನು ಮಾತ್ರ ನಾನಾಗಿ ಬಿಟ್ಟದ್ದಲ್ಲ. ಬಾಗಲಕೋಟೆಯಿಂದ ಬಂದ ಗಿರಾಕಿಯೊಬ್ಬಳು ಇದು ಕೈಮಗ್ಗದ್ದೇನು ಎಂದು ಕೇಳಿದಳು. ಅಲ್ಲರಿ, ಪಾವರ್‌ಲೂಮಿಂದು ಅಂದೆ. ಮಾಲೀಕರು ನಾಳಿಂದ ಬರಬ್ಯಾಡ ಅಂದರು. ಹೊರಗೆ ಬಂದರೆ ಅದೇ ಗಿರಾಕಿ ನಿಂತಿದ್ದಳು. ನಾನು ಅಂಗಡಿ, ಹೋಟೆಲು ಒಳಗಿಂದ ಚೆಂದ ಮಾಡಿಕೊಡಾಕಿ, ನನಗ ನಿನ್ನಂತಾಕಿ ಬೇಕು, ಆದರ ನನ್ನ ಗಿರಾಕಿ ಮುಂದ ಸ್ವಲ್ಪ ಬಾಯಿ ಹಿಡಕೊಂಡಿರಬೇಕು ಅಂದಳು. ಎರಡೂ ಕೂಡಿ ಆಗುವುದಿಲ್ಲ ಎಂದು ಅವಳಿಗೂ ಈಗ ತಿಳಿದಿದೆ.

ಅಪ್ಪನ ಮಗ್ಗವನ್ನು ಅವಳು ಗೊಂಬೆಯಂತೆ ಇಡಲಿಲ್ಲ. ಅದನ್ನು ನೀನೇ ನೋಡಿದ್ದೀ. ಬಾಗಿಲು ದಾಟಿದ ಕೂಡಲೇ ಎದುರಿಗೆ, ಕಲ್ಲಿನ ನೆಲ ಕತ್ತರಿಸಿ, ಅಪ್ಪನ ಕಾಲಿನ ಅಳತೆಗೆ ಕುಣಿ ತೋಡಿಸಿದಳು. ಕುಣಿಯ ಒಳಗೆ ಕಲ್ಲು ಬೇಡ, ಬರೀ ಮಣ್ಣಿರಲಿ, ತಂಪು ಬೇಕು ಅಂತ ಅಪ್ಪ ಅಂದಾಗ ಹಾಗೇ ಬಿಡಿಸಿದಳು. ಗೋಡೆಯಲ್ಲಿ ಇಟ್ಟಂಗಿಯ ಜಾಲಿ ಇಟ್ಟು ಗಾಳಿ ಆಡುವಂತೆ ಮಾಡಿದಳು. ಒಂದು ವರ್ಷ ಇಲ್ಲಿ, ಆಮೇಲೆ ಮಗ್ಗ ಮನೆಗೆ ಎಂದು ಮಾತಾಗಿತ್ತು. ನೀನು ಇದ್ದಾಗಲೇ ಮೊದಲ ಸೀರೆ ಮಗ್ಗದಿಂದ ಇಳಿಯಿತು. ಹೋಟೆಲಿನ ಸಾವಕಾರರಾದ ಮಹಾಂತೇಶ ಅವರು ಅದನ್ನು ತಮ್ಮ ತಾಯಿಗೇ ಉಡಿಸಿದರು.

ಎರಡನೆಯ ಸೀರೆಗೆ ಹಾಸು ಏರಿಸಿದ ಹೊತ್ತಿಗೆ ಬಿಸಿಲು ಬಂತು. ಬಾದಾಮಿಯ ಗುಡ್ಡದ ಬಿಸಿಲು ನಮ್ಮೂರಿನದಕ್ಕಿಂತ ಕೆಟ್ಟದ್ದು, ಕಲ್ಲು ಹಗಲೆಲ್ಲ ಕುಡಿದು ಸಂಜೆಗೆ ಕಾರುತ್ತದೆ. ಗುಹೆ ನೋಡಿ ಬಂದವರು ಬಾಗಿಲಲ್ಲಿ ನಿಂತು ಎ.ಸಿ. ಐತೇನ್ರಿ ಎಂದು ಕೇಳಿ ಮುಂದಿನ ಹೋಟೆಲಿಗೆ ಹೋಗತೊಡಗಿದರು. ಯುಗಾದಿಯ ನಂತರ ಸಾವಕಾರರು ಇಟ್ಟಂಗಿ ಜಾಲಿಗೆ ಗಾಜು ಹಾಕಿಸಿ ಎ.ಸಿ. ಕೂಡಿಸಿದರು. ಫರಹಾನಾ ಅಕ್ಕ ಜಗಳಾಡಿದಳು. ಅವರು ಸಿಟ್ಟಾಗಲಿಲ್ಲ, ಬಿಸಲಾಗ ಕುಂತು ರೊಟ್ಟಿ ತಿನ್ನಾಕ ಅವರೇನ ನಮ್ಮ ಹೊಲಕ್ಕ ಬಂದಾರೇನವಾ, ಕುರ್ಚಿ ಖಾಲಿ ಇದ್ದರ ನಿನ್ನ ಖಣದ ದೀಪ ಯಾರಿಗೆ ಹಚ್ಚಲಿ ಅಂದರು.

ಎ.ಸಿ. ಗಾಳಿಗೆ ಹಾಸು ಒಣಗಿ ಎಳೆ ಕಡಿಯತೊಡಗಿದವು. ಒಂದು ಕಟ್ಟುವುದರಲ್ಲಿ ಮತ್ತೊಂದು. ಅಪ್ಪ ಕುಣಿಯಲ್ಲಿ ನೀರಿನ ಕೊಡ ಇಟ್ಟ, ಹಸಿ ಗೋಣಿತಟ್ಟು ಹಾಸಿದ, ಮುಂಜಾನೆ ಮಗ್ಗದ ಸುತ್ತ ನೀರು ಚಿಮುಕಿಸಿದ. ಹೊಕ್ಕು ಹೋಗಿ ಬಂದಲ್ಲೆಲ್ಲ ದಡಿಯ ಹತ್ತಿರ ತೂತು ಬಿದ್ದ ಹಾಗೆ ಕಾಣುತ್ತಿತ್ತು. ಆಗ ನಾನು ಬೇರೆ ಏನನ್ನೂ ಯೋಚಿಸಲಿಲ್ಲ. ಎ.ಸಿ.ಯದೇ ತಪ್ಪು ಎಂದೆ, ಎಲ್ಲರೂ ಹಾಗೇ ಅಂದರು.

ಒಂದು ದಿನ ಸಾವಕಾರರು ಬಂದು ಮಗ್ಗದ ಹತ್ತಿರ ಕುಕ್ಕರಗಾಲಲ್ಲಿ ಕುಂತರು. ಬಾಬಣ್ಣಾ, ಕಡದರ ಕಡೀಲಿ ಬಿಡು, ಬಂದವರಿಗೆ ಲಾಳಿ ಸಪ್ಪಳಾ ಕೇಳಿದರ ಸಾಕು, ನೀ ಸುಮ್ಮನ ಕೈ ಆಡಿಸು ಅಂದರು. ಅಪ್ಪ ಈಗ ಏಳುತ್ತಾನೆ, ಧೋತರ ಝಾಡಿಸಿಕೊಂಡು ಮಗ್ಗ ಬಿಚ್ಚುತ್ತಾನೆ ಎಂದು ನಾನು ಕಾದೆ. ಒಂದು ಗೆರೆ ತಪ್ಪಿದ್ದಕ್ಕೆ ಮೊಳಗಟ್ಟಲೆ ಬಿಚ್ಚಿ ತಿರುಗಿ ನೇಯ್ದವನಲ್ಲವೇ ಅವನು. ಅಪ್ಪ ಆಗಲಿರಿ ಅಂದ. ಅಷ್ಟೇ. ಲಾಳಿಯಿಂದ ನೂಲು ಸುತ್ತಿದ ಕಂಡಿಕೆ ತೆಗೆದು ಜೇಬಿನಲ್ಲಿ ಇಟ್ಟುಕೊಂಡ. ನೂಲಿಲ್ಲದ ಲಾಳಿಯನ್ನು ಅತ್ತಿಂದಿತ್ತ ಓಡಿಸತೊಡಗಿದ.

ಅವತ್ತಿನಿಂದ ಆ ಸೀರೆ ಒಂದು ಬೆರಳು ಬೆಳೆದಿಲ್ಲ. ಅಪ್ಪ ಮುಂಜಾನೆ ಹತ್ತಕ್ಕೆ ರುಮಾಲು ಸುತ್ತಿಕೊಂಡು ಕುಣಿಗೆ ಇಳಿಯುತ್ತಾನೆ, ಊಟದ ಹೊತ್ತು ಮುಗಿಯುವ ತನಕ ಖಾಲಿ ಲಾಳಿ ಒಗೆಯುತ್ತಾನೆ, ಹಣಿಗೆ ಬಡಿಯುತ್ತಾನೆ. ಸಪ್ಪಳ ಮನೆಯದರಂತೆಯೇ ಇದೆ. ಜನ ಪಕ್ಕದಲ್ಲಿ ಕುಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಗುವುದನ್ನು ಕೂಡ ಕಲಿತಿದ್ದಾನೆ. ಸೆಲ್ಫಿಗೆ ಯಾವ ಕಡೆ ನೋಡಬೇಕು ಎಂದು ನನಗೇ ಹೇಳಿಕೊಟ್ಟ, ಆ ಸಣ್ಣ ತೂತು ನೋಡಬೇಕವಾ, ನಿನ್ನ ಮಾರಿ ನೀ ನೋಡಕೋತ ಕುಂತರ ಕಣ್ಣು ಕೆಳಗ ಬೀಳತಾವು ಅಂತ.

ನನಗೆ ನೋಡಲು ಆಗುತ್ತಿರಲಿಲ್ಲ. ತಟ್ಟೆ, ಲೋಟ, ಗಿರಾಕಿ ಕೂರಿಸುವುದು, ಗೋಡೆಗೆ ತೂಗುಹಾಕಿದ ಸೆರಗಿನ ಚೌಕಟ್ಟುಗಳ ಧೂಳು ಒರೆಸುವುದು, ಇಷ್ಟರ ನಡುವೆ ಆ ಸಪ್ಪಳ ಕಿವಿಯಲ್ಲೇ ಇರುತ್ತಿತ್ತು. ದುಡಿದು ದಣಿದರೆ ನಿದ್ದೆ ಬರುತ್ತದೆ. ಈ ದಣಿವಿಗೆ ನಿದ್ದೆಯೂ ಬರಲಿಲ್ಲ.

ಮೇ ತಿಂಗಳಲ್ಲಿ ಸೊಲ್ಲಾಪುರದ ಕಡೆಯ ಹೆಣ್ಣುಮಗಳೊಬ್ಬರು ಬಂದರು. ಅವರು ಅದಕ್ಕೂ ಮೊದಲು ಒಮ್ಮೆ ಬಂದು ಹೋಗಿದ್ದರಂತೆ. ಮಗಳ ಮದುವೆಗೆ ಈ ಸೀರೆಯೇ ಬೇಕು, ನಮ್ಮ ಕಣ್ಣ ಮುಂದೆ ನೇಯ್ದದ್ದು ಎಂದು ಅಪ್ಪನಿಗೆ ಆಗಲೇ ಹೇಳಿ ಹೋಗಿದ್ದರು. ಬಗ್ಗಿ ನೋಡಿದರು, ಫೋನು ತೆಗೆದು ಹಳೆಯ ಫೋಟೋ ನೋಡಿದರು, ಅಲ್ಲರಿ ಅಜ್ಜಾರ, ಆವಾಗೂ ಇಷ್ಟ ಇತ್ತಲ್ಲ ಅಂದರು. ಅಪ್ಪ ತಲೆ ಎತ್ತದೆ, ಇನ್ನೆಂಟ ದಿನದಾಗ ಆಗತೈತ್ರಿ ಯವ್ವಾ ಅಂದ. ನಾನು ಅಲ್ಲೇ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಆಗೂದಿಲ್ಲರಿ, ಇಲ್ಲಿ ಸೀರಿ ನೇಯಾಕತ್ತಿಲ್ಲ, ಲಾಳಿ ಖಾಲಿ ಐತಿ, ನೀವು ಬ್ಯಾರೆ ಕಡೆ ನೋಡಿಕೊಳ್ಳಿರಿ ಅಂದೆ.

ಆ ತಾಯಿ ಅಪ್ಪನನ್ನು ಒಂದು ಸಲ ನೋಡಿ, ಊಟ ಮಾಡದೆ ಎದ್ದು ಹೋದರು. ಸಾವಕಾರರು ನನ್ನನ್ನು ಒಳಗೆ ಕರೆದು, ಖರೆ ಹೇಳಾಕ ನಿನಗ ಪಗಾರ ಕೊಡತೇನೇನು, ಅಷ್ಟು ತಡಕೊಳ್ಳಾಕ ಆಗದಿದ್ದರ ನಿನ್ನ ಖರೇನ ಅಡಗಿ ಮನ್ಯಾಗ ಹೇಳಕೋ, ಮಿಕ್ಸರ್ ಸಪ್ಪಳದಾಗ ಯಾರಿಗೂ ಕೇಳಸೂದಿಲ್ಲ ಅಂದರು. ಅವತ್ತಿನಿಂದ ನನಗೆ ಅಡುಗೆ ಮನೆ. ಅದಕ್ಕೆ ನನಗೆ ಬೇಜಾರಿಲ್ಲ. ಅಪ್ಪ ಮಾತು ಬಿಟ್ಟದ್ದಕ್ಕೆ ಬೇಜಾರು. ಹೊಡೆದಿದ್ದರೂ ನಡೆಯುತ್ತಿತ್ತು. ರೊಟ್ಟಿ ತಂದಿಟ್ಟರೆ ತಿನ್ನುತ್ತಾನೆ, ತಟ್ಟೆ ತೊಳೆದಿಡುತ್ತಾನೆ, ನನ್ನ ಕಡೆ ತಿರುಗುವುದಿಲ್ಲ. ನನ್ನ ಅಪ್ಪ ಸುಳ್ಳು ಹೇಳಿದ ಎಂದು ನಾನು ಉರಿಯುತ್ತಿದ್ದೆ. ಮಗಳು ಜನರ ಮುಂದೆ ಹೇಳಿದಳು ಎಂದು ಅವನು.

ಆಮೇಲೆ ಮಳೆ ಬಂತು. ಮೊದಲ ಮಳೆಗೇ ಸಿಡಿಲು ಬಡಿದು ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಜನರೇಟರಿಗೆ ಎ.ಸಿ. ಎಳೆಯುವ ಶಕ್ತಿ ಇರಲಿಲ್ಲ, ಸಾವಕಾರರು ಗಾಜು ಬಿಚ್ಚಿಸಿ ಜಾಲಿ ತೆರೆಸಿದರು. ಹಸಿ ಮಣ್ಣಿನ ಗಾಳಿ ಹಾಲ್ ತುಂಬ ಆಡಿತು. ನೇಯಲು ಇದಕ್ಕಿಂತ ಒಳ್ಳೆಯ ಗಾಳಿ ಎಲ್ಲಿದೆ? ಅಪ್ಪ ತಾನಾಗಿ ಕಂಡಿಕೆ ಹಾಕುತ್ತಾನೆ ಎಂದು ನೋಡಿದೆ. ಹಾಕಲಿಲ್ಲ. ಮರುದಿನವೂ ಇಲ್ಲ. ನಾನೇ ಮಾತು ತೆಗೆದು, ಅಪ್ಪಾ ಈಗರೆ ನೇಯಿ, ಗಾಳಿ ತಂಪೈತಿ ಅಂದೆ. ತಲೆ ನೋಯಾಕತ್ತೈತಿ ಅಂದ. ಅದರ ಮರುದಿನ ಬೆಳಕು ಸಾಲುವುದಿಲ್ಲ ಅಂದ. ಮಟಮಟ ಮಧ್ಯಾಹ್ನ, ಬಾಗಿಲು ಜಾಲಿ ಎಲ್ಲ ತೆರೆದಿವೆ, ಬೆಳಕು ಸಾಲುವುದಿಲ್ಲ ಅಂತ.

ನಾನು ಹಟಕ್ಕೆ ಬಿದ್ದು ಕಂಡಿಕೆ ತಂದು ಕೈಯಲ್ಲಿಟ್ಟೆ. ಅಪ್ಪ ಲಾಳಿಗೆ ಹಾಕಿ ನಾಲ್ಕು ಹೊಕ್ಕು ಹೊಡೆದ. ಎಡ ದಡಿಯಲ್ಲಿ ಎರಡು ಎಳೆ ಕಡಿದು ಜೋತುಬಿದ್ದವು. ಅವನು ನಿಲ್ಲಿಸಲಿಲ್ಲ. ಅಪ್ಪಾ, ಕಡೀತಲ್ಲ ಅಂದೆ. ಎಲ್ಲಿ ಅಂದ. ನಾನು ಬೆರಳಿಟ್ಟು ತೋರಿಸಿದರೂ ಅವನ ಕಣ್ಣು ಅತ್ತ ಬರಲಿಲ್ಲ, ಕೈ ಬಂತು. ಎಳೆ ಹುಡುಕಿ ಬೆರಳಿನಿಂದಲೇ ಕಟ್ಟಿದ. ಬಾಜೂ ಎಳೆಗೆ ಕಟ್ಟಿದ. ದಡಿಯ ಗೆರೆ ಸೊಟ್ಟಾಯಿತು. ಅವನಿಗೆ ಅದು ಗೊತ್ತಾಗಲಿಲ್ಲ, ಸರಿ ಮಾಡಿದೆನೆಂಬಂತೆ ನನ್ನ ಕಡೆ ನೋಡಿದ. ಅವನು ಮತ್ತೆ ಹಾಸಿನ ಕಡೆ ತಿರುಗಿದಾಗ ನಾನು ಮೆಲ್ಲಗೆ ಎದ್ದು ಅವನ ಬಲಕ್ಕೆ ಹೋಗಿ ನಿಂತು ಕೈ ಬೀಸಿದೆ. ಅಪ್ಪ ಇನ್ನೂ ಎಡಕ್ಕೆ, ನಾನು ಕುಂತಿದ್ದ ಜಾಗಕ್ಕೆ ಮಾತಾಡುತ್ತಿದ್ದ.

ಫರಹಾನಾ ಅಕ್ಕನೇ ಬಾಗಲಕೋಟೆಯ ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ಅಪ್ಪ ಅವರಿಗೂ, ನಟ್ಟ ಮುಂದಿದ್ದದ್ದು ಎಲ್ಲಾ ಕಾಣತೈತ್ರಿ ಸಾಹೇಬರ, ಪೇಪರ್ ಓದತೇನಿ, ಮಂದೀನ ಗುರತ ಹಿಡೀತೇನಿ ಅಂದ. ಅದು ಖರೆಯೇ. ನಟ್ಟ ಮುಂದಿನದು ಕಾಣುತ್ತದೆ. ಸುತ್ತಲಿನದು ಹೋಗಿದೆ. ಕಣ್ಣಿನ ಹಿಂದಿನ ನರ ಅಂಚಿನಿಂದ ಒಣಗುತ್ತ ಬಂದಿದೆಯಂತೆ, ಸುಮಾರು ವರ್ಷಗಳಿಂದ. ಕಣ್ಣಿನ ಪೊರೆ, ಮೋತಿಬಿಂದು ಆಗಿದ್ದರೆ ಆಪರೇಶನ್ ಮಾಡಿಬಿಡುತ್ತಿದ್ದೆವು, ಇದು ಅದಲ್ಲ, ಹೋದದ್ದು ತಿರುಗಿ ಬರುವುದಿಲ್ಲ, ಹನಿ ಹಾಕುತ್ತಿದ್ದರೆ ಉಳಿದದ್ದು ಉಳಿಯಬಹುದು ಎಂದರು. ಹನಿ ದಿನಾಲೂ ನಾನೇ ಹಾಕುತ್ತಿದ್ದೇನೆ. ತಪ್ಪಿಸಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಚಹಾ ಕುಡಿಯುತ್ತ ಮಾತಾಡಿದ. ನನಗ ಗೊತ್ತಿತ್ತು ಅಂದ. ಎ.ಸಿ. ಬಂದದ್ದ ಚಲೋ ಆತು, ಅದರ ಮ್ಯಾಲ ಹಾಕಿದೆ ಅಂದ. ಮತ್ತೆ ಯಾಕ ಅಲ್ಲಿ ಕುಂತಿ ಎಂದು ಕೇಳಿದೆ. ಅದಕ್ಕವನು, ಅಲ್ಲಿ ನನಗ ಯಾರೂ ನೇಯಿ ಅನ್ನೂದಿಲ್ಲ, ಬಂದವರು ನೇಕಾರ ಅಂತಾರ, ಅಷ್ಟ ಸಾಕಾಗೇತಿ ಅಂದ. ಮನೆಗೆ ಬಂದು ಮಗ್ಗ ಹೂಡಿದರೆ ಮೊದಲ ಸೀರೆಗೇ ಓಣಿಯವರಿಗೆಲ್ಲ ಗೊತ್ತಾಗುತ್ತದೆ. ಮಗ್ಗ ಇಲ್ಲಿದ್ದು ಕುಣಿ ಅಲ್ಲಿದ್ದರೆ ಬಾಬಣ್ಣ ಬರುತ್ತಾನೆ ಎಂದೇ ಎಲ್ಲರ ಲೆಕ್ಕ. ನಿಮ್ಮವ್ವಗ ಮಾತ್ರ ಹೇಳಬ್ಯಾಡ, ಆಕಿ ಕೊಂಡಿ ಹಾಕಾಕ ಕಾಯಕೋತ ಕುಂತಾಳ ಅಂದ. ಮಾತು ಕೊಡು ಅಂತ ಕೈ ಚಾಚಿದ. ನಾನು ಕೊಡಲಿಲ್ಲ. ಸುಳ್ಳು ಬರೆ ಅಂದರೆ ಬರೆಯೂದಿಲ್ಲಪ್ಪ, ನಿನ್ನ ಮಾತು ನಿನ್ನದಂತ ಬರೀತೇನಿ, ನನ್ನದು ನನ್ನದಂತ ಬರೀತೇನಿ ಅಂದೆ. ಎಷ್ಟ ಹಟಮಾರಿ ಅದಿ ಅಂದ. ಬಸ್ಸಿನಲ್ಲಿ ಮಾತ್ರ ನನ್ನ ಭುಜಕ್ಕೆ ತಲೆಯಿಟ್ಟು ಮಲಗಿದ.

ಇನ್ನು ಕುಣಿಯ ವಿಚಾರ. ಇದನ್ನು ಬರೆಯಲು ನನಗೆ ಮನಸ್ಸಿಲ್ಲ, ಆದರೂ ಬರೆಯುತ್ತೇನೆ. ಮುಚ್ಚಿಸು ಅವ್ವ. ಟೈಲ್ಸಿಗಾಗಿ ಅಲ್ಲ. ಇಲ್ಲಿ ಕುಣಿಯ ಅಂಚಿನಲ್ಲಿ ಅಪ್ಪ ಈಗಾಗಲೇ ಎಡವಿದ್ದಾನೆ. ಒಮ್ಮೆ ಮೊಣಕಾಲು ಕೆತ್ತಿತು, ಬೆಕ್ಕು ಅಡ್ಡ ಬಂತು ಅಂದ. ಬೆಕ್ಕು ಇರಲಿಲ್ಲ. ಮನೆಯ ಪಡಸಾಲೆಯಲ್ಲಿ ಅಡ್ಡಾಡುವ ದಾರಿಯಲ್ಲೇ ಕುಣಿ ಇದೆ. ಇನ್ನು ಸ್ವಲ್ಪ ದಿನಕ್ಕೆ ಅಣ್ಣನ ಕೂಸೂ ಅಂಬೆಗಾಲಿಡುತ್ತದೆ. ಒಬ್ಬರಿಗೆ ಕಾಣುವುದಿಲ್ಲ, ಒಬ್ಬರಿಗೆ ತಿಳಿಯುವುದಿಲ್ಲ. ಅಣ್ಣನಿಗೆ ಹೂಂ ಅನ್ನು. ಮಗ್ಗ ಇಲ್ಲೇ ಇರಲಿ, ಸಾವಕಾರರಿಗೆ ಅದು ಬೇಕಾಗಿದೆ. ಆದರೆ ಅದರಲ್ಲಿ ಅಪ್ಪ ಕೂರುವುದನ್ನು ನಾನು ನೋಡಲಾರೆ. ನೋಡಬೇಕಾಗಿಯೂ ಇಲ್ಲ, ಅಡುಗೆ ಮನೆಯಲ್ಲಿದ್ದೇನಲ್ಲ. ಸಪ್ಪಳ ಮಾತ್ರ ಬರುತ್ತದೆ.

ನಿನಗೆ ಈ ಸುದ್ದಿ ಹೀಗೆ ಮುಟ್ಟಬಾರದಿತ್ತು. ನಾನು ಬಂದು ಹೇಳಬೇಕಿತ್ತು. ಅಪ್ಪನೊಬ್ಬನನ್ನೇ ಇಲ್ಲಿ ಬಿಟ್ಟು ಬರಲು ಧೈರ್ಯ ಇಲ್ಲ, ಕರೆದುಕೊಂಡು ಬರೋಣವೆಂದರೆ ಅವನು ಬರುವುದಿಲ್ಲ. ಅವನ ಮೇಲೆ ಸಿಟ್ಟಾಗಬೇಡ. ನಿನ್ನಿಂದ ಇಷ್ಟು ವರ್ಷ ಬಚ್ಚಿಟ್ಟದ್ದು ನೋವಾಗುತ್ತದೆ ಎಂದು ಗೊತ್ತಿದೆ. ಅತ್ತಿಗೆಗೆ, ಅಣ್ಣನಿಗೆ ಹೇಳುವುದು ಬಿಡುವುದು ನಿನ್ನ ಕೈಯಲ್ಲಿದೆ. ಕೂಸಿಗೆ ಹೆಸರು ಏನಿಟ್ಟಿರಿ ಎಂದು ಯಾರೂ ತಿಳಿಸಿಲ್ಲ. ಚಟ್ನಿ ಖಾರ ಜಾಸ್ತಿ ಆಗಿತ್ತು, ಅಪ್ಪನಿಗೆ ಸೇರಿತು.

ನಿನ್ನ ಮಗಳು,
ಸುಶ್ಮಿತಾ

ತಾ.ಕ.: ಶುಕ್ರವಾರ ಮುಂಜಾನೆ ಇದನ್ನು ಬರೆಯುತ್ತಿದ್ದೇನೆ. ಅಪ್ಪನ ಬೆನ್ನ ಹಿಂದೆ ಪತ್ರವನ್ನು ಇವತ್ತಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡಲು ಮನಸ್ಸಾಗಲಿಲ್ಲ. ಹೋಟೆಲಿನ ಬಾಗಿಲು ತೆಗೆಯುವ ಮೊದಲು ಅವನ ಎದುರಿಗೆ ಕುಂತು ಎಲ್ಲ ಓದಿದೆ. ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಕಡೆಯ ತನಕ ಕೇಳಿ, ಇದರಾಗ ನಿಮ್ಮವ್ವಗ ಹೊಸಾದು ಏನ ಬರದಿ ಅಂದ. ನನಗೆ ತಿಳಿಯಲಿಲ್ಲ. ಆಗ ಹೇಳಿದ. ಎಳೆ ಕಡಿಯತೊಡಗಿದ್ದು ಎ.ಸಿ. ಬಂದ ಮೇಲಲ್ಲವಂತೆ, ನೀನು ಇಲ್ಲಿಂದ ಹೋದ ವಾರದಿಂದಲೇ ಅಂತೆ. ಮನೆಯಲ್ಲೂ ಕಡಿಯುತ್ತಿದ್ದವಂತೆ. ಅವನು ಮಗ್ಗಕ್ಕೆ ಇಳಿಯುವ ಮೊದಲು ದಿನಾ ಯಾರೋ ದಡಿಯ ಎಳೆಗಳನ್ನೆಲ್ಲ ನೋಡಿ, ಅವನು ನೋಡದೆ ಬಿಟ್ಟದ್ದನ್ನು ಕಟ್ಟಿ ಇಟ್ಟಿರುತ್ತಿದ್ದರಂತೆ. ತಪ್ಪಿದ ಹೊಕ್ಕು ಬಿಚ್ಚಿ ಇಟ್ಟಿರುತ್ತಿದ್ದರಂತೆ. ಗಂಟು ನನ್ನವಲ್ಲ ಅಂತ ಬೆರಳಿಗೆ ತಿಳೀತಿತ್ತು, ಕೊಂಡಿ ಹಾಕೂ ಕೈಯಿನ ಗಂಟು ಅವು, ನಾ ಆಕಿಗೆ ಹೇಳಲಿಲ್ಲ, ಆಕೀನೂ ನನಗ ಹೇಳಲಿಲ್ಲ ಅಂದ. ಇಲ್ಲಿಗೆ ಮಗ್ಗ ತರುವಾಗ ನಿನ್ನನ್ನು ಕೊಂಡಿಗೆ ಅಂತ ಕರೆತಂದದ್ದೂ ಅದಕ್ಕೇ ಅಂತೆ. ಇದಷ್ಟನ್ನು ಬರೀಬ್ಯಾಡ, ಬರದಾಗಿದ್ದರ ಹೊಡದ ಹಾಕು ಅಂದ. ನಾನು ಹೊಡೆದು ಹಾಕಿಲ್ಲ.

ಕುಣಿ ಮುಚ್ಚಿಸು ಎಂದು ಮೇಲೆ ಬರೆದದ್ದನ್ನು ಹಿಡಿಯಬೇಡ. ಅದನ್ನು ಹೇಳಲು ನಾನ್ಯಾರು? ನಿಮ್ಮಿಬ್ಬರ ನಡುವೆ ಏನಿದೆ ಎಂದು ಇಷ್ಟು ವರ್ಷ ಅದೇ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಬರುವುದಿಲ್ಲ ಎನ್ನುತ್ತಿದ್ದ ಅಪ್ಪ, ಇನ್ನ ಬಚ್ಚಿಡೂದೇನೈತಿ ಅಂದು, ಸಾವಕಾರರಿಗೆ ಹೇಳಿ ರವಿವಾರ ಮುಂಜಾನೆಯ ಬಸ್ಸಿಗೆ ಮನೆಗೆ ಬರುತ್ತಾನೆ, ಆ ಬಸ್ಸು ಹೋಗುವುದು ಹುನಗುಂದದ ತನಕ, ಅಲ್ಲಿವರೆಗೆ ನಾನು ಜೊತೆಗೆ ಬಂದು ಇಳಕಲ್ ಬಸ್ಸಿಗೆ ಹತ್ತಿಸಿ ಕೆಲಸಕ್ಕೆ ತಿರುಗುತ್ತೇನೆ. ಅಣ್ಣನನ್ನು ಸ್ಟ್ಯಾಂಡಿಗೆ ಕಳಿಸು. ಕುಣಿ ಇರಬೇಕೋ ಮುಚ್ಚಬೇಕೋ ನೀವಿಬ್ಬರೇ ಮಾತಾಡಿಕೊಳ್ಳಿ. ಮಾತಾಡುವಾಗ ಅವನ ಎದುರಿಗೆ ಕುಂಡರು ಅವ್ವ. ಬಾಜೂಕ ಕುಂತರೆ ಅವನಿಗೆ ನೀನು ಕಾಣುವುದಿಲ್ಲ.